ಹಿಟ್ಟು ಯಾಕೆ ಉಬ್ಬಲಿಲ್ಲ?



‘ಬೇವು ಬಿತ್ತಿ ಮಾವು ಬೆಳೆದೀತೆ?’ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ‘ಮಾಡಿದ್ದುಣ್ಣೋ ಮಹರಾಯ’ ಎಂದು ಅದರ ಮೇಲೊಂದು ಒಗ್ಗರಣೆಯನ್ನೂ ಹಾಕುತ್ತಿದ್ದರು. ಕಾರ್ಯಕ್ಕೆ ಕಾರಣವುಂಟು ಎಂಬ ದೊಡ್ಡ ತತ್ತ್ವವನ್ನು ಅವರು ಎರಡು ಗಾದೆಗಳಲ್ಲಿ ಮುಗಿಸಿಬಿಟ್ಟರು. ಸರಕಾರಿ ಗುಮಾಸ್ತನಾದ ನನಗೂ ಈ ತತ್ತ್ವ ಹೊಸದಲ್ಲ. ‘ಮೇಲ್ಕಂಡ ಕಾರಣಗಳಿಂದ’ ಎಂಬ ಮಾತಿಲ್ಲದೆ ಕಚೇರಿಯಲ್ಲಿ ಒಂದು ಕಡತವೂ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗದು. ಆದರೆ ಈ ಸಂಚಿಕೆಯಲ್ಲಿ ನಾನು ಹೇಳಹೊರಟಿರುವುದು ಕಡತದ ಮಾತಲ್ಲ, ನಾಲ್ಕೈದು ವರುಷದ ಮಕ್ಕಳ ಮಾತು.

ದ್ವಾರಕೆಯ ಕನ್ನಡದ ಮನೆಗಳಲ್ಲಿ ‘ಮಕ್ಕಳಿಗೆ ಕನ್ನಡವೇ ಬಾರದು’ ಎಂದು ಕೊರಗುವವರುಂಟು. ಸ್ವಲ್ಪ ಕಿವಿಗೊಟ್ಟು ಕೇಳಿದರೆ ಅದು ಪೂರ್ತಿ ನಿಜವಲ್ಲವೆಂದು ತಿಳಿಯುತ್ತದೆ. ಅನ್ನ, ಸಾರು, ಹಾಲು, ಬಾ, ಹೋಗು, ಬೇಡ ಇವೆಲ್ಲ ಬರುತ್ತವೆ. ಬಾರದಿರುವುದು ‘ಯಾಕೆಂದರೆ’, ‘ಅದರಿಂದ’, ‘ಹಾಗೆ ಮಾಡದಿದ್ದರೆ’ ಎಂಬ ಮಾತುಗಳು. ಅಲ್ಲಿಗೆ ಬಂದೊಡನೆ ಮಗು ‘ಕ್ಯೋಂಕಿ’, ‘ಇಸ್‌ಲಿಯೇ’ ಎಂದು ಹಿಂದಿಯ ಸೇತುವೆ ಹತ್ತಿ ಆಚೆಯ ದಡ ಸೇರಿಬಿಡುತ್ತದೆ. ಇದು ಮಗುವಿನ ತಪ್ಪಲ್ಲ. ನಾವು ಕನ್ನಡದಲ್ಲಿ ಅದರೊಡನೆ ಆಡುವುದೆಲ್ಲ ಬಹುಮಟ್ಟಿಗೆ ಅಪ್ಪಣೆಗಳೇ: ಹಲ್ಲುಜ್ಜು, ಬೇಗ ತಿನ್ನು, ಬಸ್ಸು ಬಂತು, ಓಡು. ಅಪ್ಪಣೆ ಕೊಡುವವರಿಗೆ ಕಾರಣ ಹೇಳುವ ಹಂಗಿಲ್ಲ. ಕಾರಣ ಹೇಳುವವರು ಶಾಲೆಯ ಉಪಾಧ್ಯಾಯರು. ಅವರು ಹೇಳುವುದು ಹಿಂದಿಯಲ್ಲಿ, ಇಲ್ಲವೆ ಇಂಗ್ಲಿಷಿನಲ್ಲಿ. ಹೀಗಾಗಿ ಕನ್ನಡವೆಂದರೆ ಅಪ್ಪಣೆಯ ಭಾಷೆ, ವಿಚಾರದ ಭಾಷೆ ಬೇರೆ ಎಂದು ಮಗು ತಾನಾಗಿಯೇ ವಿಂಗಡಿಸಿಕೊಳ್ಳುತ್ತದೆ. ವಿಚಾರಕ್ಕೆ ಒದಗದ ಭಾಷೆ ನಾಲಗೆಯ ಮೇಲೆ ಬಹಳ ದಿನ ನಿಲ್ಲದು.

ಇದಕ್ಕೆ ಮದ್ದು ಮನೆಯಲ್ಲೇ ಇದೆ. ಒಂದು ಕಥೆ, ಇನ್ನೊಂದು ಅಡಿಗೆಮನೆ.

ಮೊದಲು ಕಥೆಯನ್ನು ನೋಡೋಣ. ಪಂಜೆ ಮಂಗೇಶರಾಯರು (1874–1937) ಮಕ್ಕಳಿಗಾಗಿ ಬರೆದ ಕಥೆಗಳಲ್ಲಿ ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬುದೊಂದು. ಹೆಸರೇ ಒಂದು ಪ್ರಶ್ನೆ! ಹೀಗೆಯೇ ಕೇಳುತ್ತ ಹೋಗುವ ಕಥೆಯೊಂದು ತೆಲುಗರಲ್ಲಿ ಮನೆಮಾತಾಗಿದೆ. ದ್ವಾರಕೆಯಲ್ಲಿ ನಿಮ್ಮ ಪಕ್ಕದ ಮನೆಯವರು ಆಂಧ್ರದವರಾದರೆ ಕೇಳಿ ನೋಡಿ. ರಾಜನ ಏಳು ಮಕ್ಕಳು ಏಳು ಮೀನು ತಂದು ಒಣಗಲು ಹಾಕಿದರು. ಒಂದು ಮಾತ್ರ ಒಣಗಲಿಲ್ಲ. ಯಾಕೆಂದರೆ ಹುಲ್ಲಿನ ಮೆದೆ ಬಿಸಿಲಿಗೆ ಅಡ್ಡವಾಗಿತ್ತು. ಮೆದೆ ಯಾಕಿತ್ತು? ಹಸು ಅದನ್ನು ಮೇಯಲಿಲ್ಲ. ಹಸು ಯಾಕೆ ಮೇಯಲಿಲ್ಲ? ದನ ಕಾಯುವವನು ಬಿಡಲಿಲ್ಲ. ಅವನಿಗೆ ಅಜ್ಜಿ ಅನ್ನವಿಕ್ಕಲಿಲ್ಲ. ಅಜ್ಜಿಯ ಕೈ ಬಿಡುವಿಲ್ಲದಂತೆ ಮಗು ಅಳುತ್ತಿತ್ತು. ಮಗುವಿಗೆ ಇರುವೆ ಕಚ್ಚಿತ್ತು. ಇರುವೆಯನ್ನು ಕೇಳಿದರೆ, ತನ್ನ ಗೂಡಿಗೆ ಬೆರಳು ಹಾಕಿದವರನ್ನು ಕಚ್ಚದೆ ಬಿಡುವುದುಂಟೆ ಎಂದು ಅದೇ ತಿರುಗಿ ಕೇಳಿತು!

ಈ ಕಥೆಯನ್ನು ಹೇಳಿ ಮುಗಿಸಿ ದೀಪ ಆರಿಸಬೇಡಿ. ನಡುವೆ ನಿಲ್ಲಿಸಿ, ‘ಮುಂದೆ ಯಾರನ್ನು ಕೇಳಬೇಕು?’ ಎನ್ನಿ. ಮರುದಿನ ಕೊನೆಯಿಂದ ಮೊದಲಿಗೆ ಹೇಳಿಸಿ. ಮೂರನೆಯ ದಿನ, ‘ಮಗು ಬೆರಳು ಹಾಕದೆ ಇದ್ದಿದ್ದರೆ?’ ಎಂದು ಕೇಳಿ. ‘ಇರುವೆ ಕಚ್ಚುತ್ತಿರಲಿಲ್ಲ, ಕಚ್ಚದಿದ್ದರೆ ಮಗು ಅಳುತ್ತಿರಲಿಲ್ಲ, ಅಳದಿದ್ದರೆ...’ ಎಂದು ಮಗು ಕೊಂಡಿಗೆ ಕೊಂಡಿ ಸೇರಿಸುತ್ತ ಹೋಗುವಾಗ, ವ್ಯಾಕರಣದ ಪುಸ್ತಕವೂ ತರ್ಕದ ಪುಸ್ತಕವೂ ಒಟ್ಟಿಗೆ ತೆರೆದಂತಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕಾಗೆ ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಗಂಟು ಹಾಕುವುದನ್ನು ನಮ್ಮ ಪೂರ್ವಿಕರು ಕಾಕತಾಳೀಯವೆಂದರು. ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲಿನದು ಕಾರಣವಾಗದು. ಮಕ್ಕಳನ್ನು ಹೆದರಿಸಲು ‘ಸುಳ್ಳು ಹೇಳಿದರೆ ಕಣ್ಣು ಹೋಗುತ್ತದೆ’ ಎನ್ನುವವರು ಈ ಮಾತನ್ನು ನೆನೆಯಬೇಕು. ಮಗು ಒಂದು ದಿನ ಸುಳ್ಳು ಹೇಳಿ, ಕನ್ನಡಿಯಲ್ಲಿ ಕಣ್ಣು ನೋಡಿಕೊಳ್ಳುತ್ತದೆ. ಎರಡೂ ನೆಟ್ಟಗಿವೆ! ಅಂದಿನಿಂದ ‘ಒಲೆ ಮುಟ್ಟಿದರೆ ಸುಡುತ್ತದೆ’ ಎಂಬ ನಿಜಕ್ಕೂ ಅರ್ಧವೇ ಬೆಲೆ.

ಕಥೆಯ ಕಾರಣವನ್ನು ನಂಬಬೇಕು. ಅಡಿಗೆಯ ಕಾರಣವನ್ನು ಪರೀಕ್ಷಿಸಬಹುದು. ಅದಕ್ಕೇ ಕಥೆಯ ಬಳಿಕ ಮಗುವನ್ನು ಅಡಿಗೆಮನೆಗೆ ಕರೆತರಬೇಕು. ದಿಲ್ಲಿಯವರಿಗೆ ಇದಕ್ಕೊಂದು ವಿಶೇಷ ಅನುಕೂಲವಿದೆ. ಜನವರಿಯಲ್ಲಿ ಇಲ್ಲಿನ ರಾತ್ರಿಯ ಉಷ್ಣತೆ 5–6 ಡಿಗ್ರಿಗೆ ಇಳಿಯುವುದು ಅಪರೂಪವಲ್ಲ. ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಊರಿನಲ್ಲಿ ರಾತ್ರಿ ರುಬ್ಬಿಟ್ಟರೆ ಬೆಳಿಗ್ಗೆ ತಾನೇ ಉಬ್ಬುತ್ತಿದ್ದ ಇಡ್ಲಿ ಹಿಟ್ಟು ಇಲ್ಲಿ ಚಳಿಗಾಲದಲ್ಲಿ ಇಟ್ಟಂತೆಯೇ ಇರುತ್ತದೆ. ಬೇಸಿಗೆಯಲ್ಲಿ ನೋಡನೋಡುತ್ತ ಉಕ್ಕಿ ಹುಳಿಯಾಗುತ್ತದೆ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಹೆಸರು ಬರುವ ಇಡ್ಡಲಿಗೆಯ ಸಂತತಿಗೆ ದಿಲ್ಲಿಯ ಹವೆಯ ಮುಂದೆ ಇಂಥ ಪಾಡು! ಗೃಹಿಣಿಯ ಈ ಕಷ್ಟವೇ ಮಗುವಿಗೆ ಪಾಠವಾಗಬಲ್ಲದು.

ಒಂದೇ ಹಿಟ್ಟನ್ನು ಎರಡು ಗಾಜಿನ ಲೋಟಗಳಿಗೆ ಅರ್ಧರ್ಧ ತುಂಬಿಸಿ. ಹಿಟ್ಟಿನ ಮಟ್ಟಕ್ಕೆ ಹೊರಗಿನಿಂದ ದಾರ ಕಟ್ಟಿ. ಒಂದನ್ನು ಬಾಲ್ಕನಿಯಲ್ಲಿಡಿ, ಇನ್ನೊಂದನ್ನು ಮುಚ್ಚಿ, ಕಂಬಳಿ ಸುತ್ತಿ, ಬಿಸಿನೀರಿನ ಪಾತ್ರೆಯ ಪಕ್ಕದಲ್ಲಿ ಒಳಗಿಡಿ. ಮಲಗುವ ಮುನ್ನ ‘ಯಾವುದು ದಾರ ದಾಟೀತು?’ ಎಂದು ಕೇಳಿ. ಉತ್ತರ ಸರಿಯೋ ತಪ್ಪೋ, ಊಹೆ ಮೊದಲೇ ಬರಬೇಕು; ಊಹಿಸಿದ ಮಗು ಬೆಳಿಗ್ಗೆ ನಿಮಗಿಂತ ಮೊದಲು ಏಳುತ್ತದೆ.

ಬೆಳಿಗ್ಗೆ ‘ಆ ಹಿಟ್ಟು ಯಾಕೆ ಉಬ್ಬಲಿಲ್ಲ?’ ಎಂದರೆ ಮಗು ‘ಅದಕ್ಕೆ ಚಳಿಯಾಯಿತು, ಮುದುರಿಕೊಂಡು ಮಲಗಿತು’ ಎಂದೀತು. ನಗಬೇಡಿ. ಎಳೆಯ ಮಕ್ಕಳು ಜಡವಸ್ತುಗಳಿಗೂ ಜೀವವನ್ನೂ ಇಚ್ಛೆಯನ್ನೂ ಆರೋಪಿಸುತ್ತಾರೆಂಬುದನ್ನು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆಯವರು ನೂರು ವರುಷಗಳ ಹಿಂದೆಯೇ ವಿಸ್ತಾರವಾಗಿ ವಿವರಿಸಿದ್ದಾರೆ. ಹಾಗೆಂದು ಮಕ್ಕಳಿಗೆ ಕಾರಣ ತಿಳಿಯದೆಂದಲ್ಲ. ಕೆಲವು ತುಂಡುಗಳನ್ನಿಟ್ಟರೆ ಮಾತ್ರ ಬೆಳಗಿ ಹಾಡುವ ಪೆಟ್ಟಿಗೆಯೊಂದನ್ನು ಅಮೆರಿಕದ ಅಲಿಸನ್ ಗೋಪ್ನಿಕ್ ಮತ್ತು ಡೇವಿಡ್ ಸೋಬೆಲ್ ಅವರು ಪುಟ್ಟ ಮಕ್ಕಳ ಮುಂದಿಟ್ಟರು. ಮೂರು ನಾಲ್ಕು ವರುಷದವರೂ ಪೆಟ್ಟಿಗೆಯನ್ನು ಹಾಡಿಸುವ ತುಂಡು ಯಾವುದೆಂಬುದನ್ನು ಗಮನಿಸಿ ಲೆಕ್ಕಕ್ಕೆ ಹಿಡಿದರೆಂದು 2000ದಲ್ಲಿ ಪ್ರಕಟಿಸಿದರು. ಆದುದರಿಂದ ಮಗುವಿನ ಉತ್ತರವನ್ನೇ ಹಿಡಿದು, ‘ಹಾಗಾದರೆ ಅದಕ್ಕೂ ಕಂಬಳಿ ಹೊದಿಸಿದರೆ?’ ಎನ್ನಿ. ಬಾಲ್ಕನಿಯ ಲೋಟ ಒಳಗೆ ಬರಲಿ. ಸಂಜೆಗೆ ಅದೂ ಉಬ್ಬಿದಾಗ ನಿಜವಾದ ಕಾರಣ ಹೇಳಿ: ಉದ್ದು ಅಕ್ಕಿಗಳ ಜೊತೆಯಲ್ಲೇ ಬಂದ ಕಣ್ಣಿಗೆ ಕಾಣದ ಜೀವಿಗಳು ಹಿಟ್ಟನ್ನು ತಿಂದು ಗಾಳಿ ಬಿಡುತ್ತವೆ, ಉದ್ದಿನ ಅಂಟು ಆ ಗಾಳಿಯನ್ನು ಹಿಡಿದಿಡುತ್ತದೆ, ಚಳಿಯಲ್ಲಿ ಅವುಗಳ ಕೆಲಸ ನಿಧಾನ. ‘ಇಂಗಾಲದ ಡೈಆಕ್ಸೈಡ್’ ಎಂಬ ಹೆಸರು ಮುಂದೆ ಶಾಲೆಯಲ್ಲಿ ಬಂದಾಗ ಮಗುವಿಗೆ ಅದು ಹಳೆಯ ನೆಂಟನಾಗಿರುತ್ತದೆ.

ಒಂದು ನಿಯಮ ಮರೆಯಬಾರದು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಲೋಟವೂ ಬೇರೆ, ಹಿಟ್ಟೂ ಬೇರೆ, ಜಾಗವೂ ಬೇರೆಯಾದರೆ ಯಾವುದು ಕಾರಣವೆಂದು ಬ್ರಹ್ಮನೂ ಹೇಳಲಾರ.

ಇನ್ನೆರಡು ಸುಲಭದ ಪಾಠಗಳು. ಅರಿಸಿನದ ನೀರಿಗೆ ದೊಡ್ಡವರು ಚಿಟಿಕೆ ಸುಣ್ಣ ಹಾಕಿದರೆ ಆರತಿಯ ಕೆಂಪು ನೀರಾಗುತ್ತದೆ. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಅಂಗಿಯ ಮೇಲಿನ ಹುಳಿಯ ಕಲೆ ಸೋಪು ತಾಕಿದೊಡನೆ ಕೆಂಪಾಗುವುದೂ ಇದೇ ಕಾರಣದಿಂದ ಎಂದು ಮಗುವೇ ಕಂಡುಹಿಡಿಯಲಿ. ಸುಣ್ಣ ಮಾತ್ರ ಮಗುವಿನ ಕೈಗೂ ಕಣ್ಣಿಗೂ ತಾಕಬಾರದು. ಎರಡನೆಯದು: ಎರಡು ತೆರೆದ ಪಾತ್ರೆಗಳಲ್ಲಿ ಸಮನಾಗಿ ತೊಗರಿಬೇಳೆ ಇಟ್ಟು, ಒಂದಕ್ಕೆ ಮೊದಲೇ ಹುಣಿಸೆಯ ರಸ ಹಾಕಿ. ಅಷ್ಟೇ ಹೊತ್ತು ಬೆಂದರೂ ಹುಳಿ ಬಿದ್ದ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಬೇಳೆಯ ಕಣಗಳನ್ನು ಹಿಡಿದಿಟ್ಟ ಅಂಟು ಹುಳಿಯಲ್ಲಿ ಸುಲಭವಾಗಿ ಕರಗದು. ‘ಬೇಳೆ ಬೇಯುವ ಮುನ್ನ ಹುಳಿ ಹಾಕಬೇಡ’ ಎಂಬ ಅಜ್ಜಿಯ ಅಪ್ಪಣೆ ಅಂದು ಒಂದು ಕಾರಣವಾಗಿ ಮಾರ್ಪಡುತ್ತದೆ.

‘ಇಷ್ಟೆಲ್ಲ ಕನ್ನಡದಲ್ಲಿ ಹೇಳಲಾದೀತೆ?’ ಎಂದು ಕೆಲವರು ಸಂಶಯಪಟ್ಟಾರು. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ‘ಬಾಲಪ್ರಪಂಚ’ದ ಮೂರು ಸಂಪುಟಗಳಲ್ಲಿ ಜಗತ್ತನ್ನೇ ಕನ್ನಡದ ಮಕ್ಕಳಿಗೆ ತಿಳಿಸಿಕೊಟ್ಟರು. ನಮಗೆ ಒಂದು ಲೋಟ ಹಿಟ್ಟಿನ ಸಂಗತಿ ಹೇಳಲಾಗದೆ?

ತಂದೆಯರಿಗೂ ಒಂದು ಮಾತು. ಮೆಟ್ರೋದಲ್ಲಿ ನಿಂತು ಬಂದ ಕಾಲು ನೋಯುವುದು ಸಹಜ. ಆದರೂ ಭಾನುವಾರದ ಅರ್ಧ ಗಂಟೆ ಪತ್ರಿಕೆ ಮಡಿಸಿಟ್ಟು ಒಲೆಯ ಬಳಿ ಬನ್ನಿ. ಬೆಂಕಿ, ಚಾಕು ನಿಮ್ಮ ಕೈಯಲ್ಲಿರಲಿ; ಪ್ರಶ್ನೆ ಮಗುವಿನ ಬಾಯಲ್ಲಿರಲಿ. ‘ಯಾಕೆ?’ ಎಂದು ಅದು ಹತ್ತನೆಯ ಸಲ ಕೇಳಿದಾಗ ‘ಸುಮ್ಮನಿರು’ ಎನ್ನುವ ಬದಲು ‘ಬಾ, ನೋಡೋಣ’ ಎನ್ನಿ. ‘ಯಾಕೆ’ಗೆ ಕನ್ನಡದಲ್ಲಿ ಉತ್ತರ ಸಿಗುವ ಮನೆಯಲ್ಲಿ ಮಗು ‘ಯಾಕೆಂದರೆ’ ಎಂಬ ಮಾತನ್ನು ಬೇರೆ ಭಾಷೆಯಿಂದ ಸಾಲ ತರಬೇಕಾಗುವುದಿಲ್ಲ.

ಮುಂದಿನ ಚಳಿಯಲ್ಲಿ ಹಿಟ್ಟು ಉಬ್ಬದಿದ್ದರೆ ಬೇಸರಪಡಬೇಡಿ, ಮಗುವನ್ನು ಕರೆಯಿರಿ. ಎರಡು ಲೋಟಗಳ ಫಲಿತಾಂಶವನ್ನು ಅದರ ಮಾತಿನಲ್ಲೇ ಬರೆದು ಪತ್ರಿಕೆಗೆ ಕಳುಹಿಸಿದರೆ ಈ ಅಂಕಣದಲ್ಲಿ ಸಂತೋಷದಿಂದ ಜಾಗ ಬಿಟ್ಟುಕೊಡುತ್ತೇನೆ.