ಗಂಡನ ಹೆಸರಿನ ಕಾಲಂ



2023ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಗೃಹಲಕ್ಷ್ಮಿಯ 2000 ರೂಪಾಯಿಗಾಗಿ ನೋಂದಣಿ ಶುರುವಾದಾಗ ಶಿರಾ ತಾಲೂಕಿನ ಬರಗೂರಾಗಲಿ, ಬೆಂಗಳೂರಾಗಲಿ, ಹೆಂಗಸರು ಕೈಯಲ್ಲಿ ಪಡಿತರ ಚೀಟಿ, ತಮ್ಮ ಆಧಾರ್, ಗಂಡನ ಆಧಾರ್ ಹಿಡಿದು ಹೊರಟಿದ್ದರು. ಗಂಡ ತೀರಿಕೊಂಡವಳು, ತಲಾಕ್ ಆದವಳು, ಬಿಟ್ಟುಹೋದ ಗಂಡ ಎಲ್ಲಿದ್ದಾನೆಂದೇ ತಿಳಿಯದವಳು ಇಂತಹ ಕಾಲಂ ಎದುರಾದಾಗ ಏನು ಹೇಳಬೇಕು? ಕಾಗದದ ಅರ್ಜಿಯಾಗಿದ್ದರೆ ಅಲ್ಲೊಂದು ಗೆರೆ ಎಳೆಯಬಹುದಿತ್ತು. ಕಂಪ್ಯೂಟರ್ ಗೆರೆಯನ್ನು ಒಪ್ಪುವುದಿಲ್ಲ. ಕಡ್ಡಾಯವೆಂದು ಗುರುತು ಮಾಡಿದ ಕಾಲಂ ಖಾಲಿ ಬಿಟ್ಟರೆ ಅರ್ಜಿ ಅಲ್ಲೇ ನಿಂತುಬಿಡುತ್ತದೆ.

ಇದಕ್ಕೆ ಪರಿಹಾರ ಕಂಪ್ಯೂಟರಿನಲ್ಲಿಯೇ ಇದೆ. ಉತ್ತರಕ್ಕೆ ತಕ್ಕಂತೆ ರೂಪ ಬದಲಿಸಿಕೊಳ್ಳುವ ಅರ್ಜಿಯನ್ನು ತಯಾರಿಸಬಹುದು. 'ವಿಧವೆ' ಎಂದು ಆರಿಸಿದ ಕೂಡಲೇ ಗಂಡನ ಆಧಾರ್ ಕಾಲಂ ಮರೆಯಾಗಬೇಕು. ಮಕ್ಕಳು ಐವರಿದ್ದರೆ ಐದು ಸಾಲು ಬರಬೇಕು, ಒಬ್ಬಳೇ ಮಗಳಿದ್ದರೆ ಒಂದೇ ಸಾಲು.

ಆದರೆ ನಿಯಮ ಬದಲಾಗದೆ ಅರ್ಜಿ ಬದಲಾಗುವುದಿಲ್ಲ. ತಂದೆ ತಾಯಿ ಇಬ್ಬರಲ್ಲಿ ಒಬ್ಬರ ಹೆಸರು ಸಾಕು, ವಿಚ್ಛೇದನವಾದವರು ಸಂಗಾತಿಯ ಹೆಸರು ಕೊಡಬೇಕಿಲ್ಲ ಎಂದು ಪಾಸ್‌ಪೋರ್ಟ್ ನಿಯಮ ಸಡಿಲವಾದದ್ದು 2016ರ ಡಿಸೆಂಬರಿನಲ್ಲಿ. 45 ವರ್ಷ ಮೀರಿದ ಮಹಿಳೆಯರು ನಾಲ್ವರು ಅಥವಾ ಹೆಚ್ಚು ಮಂದಿಯ ಗುಂಪಾಗಿ ಮಹ್ರಮ್ ಇಲ್ಲದೆ ಅರ್ಜಿ ಹಾಕಲು ಹಜ್ಜ್ ಸಮಿತಿ ಅವಕಾಶ ಕೊಟ್ಟದ್ದು 2018ರ ಹಜ್ಜ್‌ನಿಂದ. (ಈ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆ ಇಲ್ಲಿ ಬೇಡ.)

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಅಲ್ ಬಕರಃ ಅಧ್ಯಾಯದ 282ನೆಯದು. ಅದು ಸಾಲಪತ್ರ ಬರೆಯುವುದನ್ನು ಕುರಿತದ್ದು. ಬರೆಯುವವನು ನ್ಯಾಯವಾಗಿ ಬರೆಯಬೇಕು, ಹೇಳಿ ಬರೆಸಲು ಶಕ್ತಿಯಿಲ್ಲದವರ ಪರವಾಗಿ ಅವರ ಪೋಷಕರು ಹೇಳಿ ಬರೆಸಬೇಕು ಎಂಬ ತಾಕೀತು ಅಲ್ಲಿದೆ. ಅರ್ಜಿಯ ಪ್ರಶ್ನೆಗಳನ್ನು ಜೋಡಿಸುವವರನ್ನೂ ನಾನು ಬರೆಯುವವರ ಸಾಲಿನಲ್ಲೇ ಸೇರಿಸುತ್ತೇನೆ.

ನಿಮ್ಮ ಮಗಳು ಕಂಪ್ಯೂಟರ್ ಕಲಿತಿದ್ದಾಳೆಯೇ? ಮೊಹಲ್ಲಾದ ಮಕ್ಕಳ ವಿದ್ಯಾರ್ಥಿವೇತನದ ಪಟ್ಟಿ ಮಾಡಲು, ಸ್ವಸಹಾಯ ಸಂಘದ ವಿವರ ಸಂಗ್ರಹಿಸಲು ಅವಳಿಂದ ಒಂದು ಫಾರ್ಮ್ ಮಾಡಿಸಿ. ಗೂಗಲ್ ಫಾರ್ಮ್‌ನಲ್ಲಿ ಹಣ ಖರ್ಚಿಲ್ಲದೆ ಇದು ಸಾಧ್ಯ. ಪ್ರಶ್ನೆಗಳನ್ನು ವಿಭಾಗಗಳಾಗಿ ಒಡೆದು, ಯಾವ ಉತ್ತರಕ್ಕೆ ಯಾವ ವಿಭಾಗ ತೆರೆಯಬೇಕೆಂದು ಸೂಚಿಸಿದರಾಯಿತು. ದಾರಿ ಕವಲೊಡೆಯುವ ಪ್ರಶ್ನೆ ಮೊದಲು ಬರಲಿ: "ಮಗುವಿನ ಜವಾಬ್ದಾರಿ ಯಾರದು? ತಂದೆ, ತಾಯಿ, ಅಜ್ಜಿ, ಬೇರೆಯವರು." 'ಬೇರೆಯವರು' ಎಂಬುದನ್ನು ಮಾತ್ರ ಬಿಡದಿರಲಿ. ಹೆಸರಿಗೆ ಒಂದೇ ಕಾಲಂ ಸಾಕು. ನಮ್ಮಲ್ಲಿ ಎಷ್ಟೋ ಮಂದಿಗೆ ಮನೆತನದ ಹೆಸರೇ ಇಲ್ಲ. ಕಡ್ಡಾಯ ಮಾಡಿದರೆ ಆಧಾರ್‌ನಲ್ಲಿ 'ಬಾನು', ಬ್ಯಾಂಕಿನಲ್ಲಿ 'ಬೇಗಂ' ಆಗಿ ಹೊಸ ತಾಪತ್ರಯ!

ಇನ್ನೊಂದು ತೊಡಕು ಕಣ್ಣಿಗೆ ಬೀಳುವುದಿಲ್ಲ. ಮೊದಲು 'ವಿವಾಹಿತೆ' ಎಂದು ತುಂಬಿ ಆಮೇಲೆ 'ವಿಧವೆ' ಎಂದು ತಿದ್ದಿದರೆ ಕೆಲವು ಅರ್ಜಿಗಳಲ್ಲಿ ಗಂಡನ ವಿವರ ಮರೆಯಾಗಿ ಕಂಡರೂ ಒಳಗೆ ಉಳಿದುಕೊಂಡು ಹಾಗೆಯೇ ಸಲ್ಲಿಕೆಯಾಗುತ್ತದೆ. ಬೇರೆಯವರು ನಿಮ್ಮ ಅರ್ಜಿ ತುಂಬುವಾಗ, ಸಲ್ಲಿಸುವ ಮುನ್ನ ಎಲ್ಲವನ್ನೂ ಓದಿ ಹೇಳಲು ಕೇಳಿ. ಸ್ವೀಕೃತಿ ಪತ್ರ ಕೈಗೆ ಬರುವವರೆಗೆ ಎದ್ದು ಬರಬೇಡಿ.

ಮಗಳ ಫಾರ್ಮ್ ಸಿದ್ಧವಾದ ಮೇಲೆ ಅವಳ ಗೆಳತಿಯರಿಗೆ ತೋರಿಸಿದರೆ ಪ್ರಯೋಜನವಿಲ್ಲ. ಮೊಮ್ಮಗಳನ್ನು ಸಾಕುತ್ತಿರುವ ಪಕ್ಕದ ಮನೆಯ ನಾನಿಯನ್ನು ಕೂರಿಸಿಕೊಂಡು, ಅವರು ಹೇಳಿದಂತೆ ತುಂಬಿ ನೋಡಲಿ.