ಪತ್ನಿಯ ಜನ್ಮದಿನ: ಪುಣ್ಯ ಪತಿಗೆ, ಪರಿಶ್ರಮ ಸತಿಗೆ?

ಗೃಹಸ್ಥನು ತನ್ನ ಧರ್ಮಪತ್ನಿಯ ಜನ್ಮದಿನವನ್ನು ಆಚರಿಸಬಹುದೇ ಎಂಬ ಪ್ರಶ್ನೆಗೆ ಜೈನ ಸಮಾಜದಲ್ಲಿ ಇಂದು ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಜನ್ಮಕಲ್ಯಾಣವೆಂಬುದು ತೀರ್ಥಂಕರರಿಗೆ ಮಾತ್ರ ಸಲ್ಲತಕ್ಕದ್ದು, ಸಂಸಾರಿಯ ಹುಟ್ಟು ಕರ್ಮಬಂಧದ ಫಲ, ಅದಕ್ಕಾಗಿ ಹಿಗ್ಗುವುದೇನಿದೆ ಎಂದು ಹಿರಿಯರಲ್ಲಿ ಕೆಲವರು ಕೇಳುತ್ತಾರೆ. ಕಿರಿಯರಲ್ಲಿ ಅನೇಕರು ಈ ಮಾತಿಗೆ ಕಿವಿಗೊಡದೆ ಶುಕ್ರವಾರ ಸಂಜೆಯೇ ಹೊರಟು, ದೂರದ ರೆಸಾರ್ಟೊಂದರಲ್ಲಿ ಎರಡು ರಾತ್ರಿ ತಂಗಿ, ಸೂರ್ಯಾಸ್ತವಾಗಿ ನಾಲ್ಕು ಗಂಟೆ ಕಳೆದ ಮೇಲೆ ಕೇಕ್ ಕತ್ತರಿಸಿ ಬರುತ್ತಾರೆ. ಎರಡು ಪಕ್ಷಗಳೂ ಒಂದು ವಿಷಯದಲ್ಲಿ ಸಮಾನವಾಗಿವೆ. ಆ ದಿನ ಯಾರದೋ ಆಕೆಗೆ ಏನು ಬೇಕೆಂದು ಕೇಳುವವರು ಎರಡರಲ್ಲಿಯೂ ಇಲ್ಲ.

ಹಿರಿಯರ ಆಕ್ಷೇಪವನ್ನು ಮೊದಲು ಪರಿಶೀಲಿಸೋಣ. ಯಜಮಾನರಿಗೆ ಅರವತ್ತು ತುಂಬಿದಾಗ ವೇದಿಕೆ ಕಟ್ಟಿ, ಶಾಲು ಹೊದಿಸಿ, ಹಾರ ಹಾಕುವವರಿಗೆ ಕರ್ಮಬಂಧದ ಈ ಸಿದ್ಧಾಂತ ನೆನಪಾಗುವುದಿಲ್ಲ. ಮನೆಯೊಡತಿಯ ಸರದಿ ಬಂದಾಗ ಮಾತ್ರ ನೆನಪಾಗುತ್ತದೆ. ಶ್ರಾವಕನಿಗೆ ವಿಧಿಸಿರುವ ಬ್ರಹ್ಮಚರ್ಯಾಣುವ್ರತಕ್ಕೆ ಸ್ವದಾರಸಂತೋಷವೆಂಬ ಹೆಸರೂ ಉಂಟು. ಸಂತೋಷವೆಂಬ ಶಬ್ದವನ್ನು ಆಚಾರ್ಯರು ವೃಥಾ ಇಟ್ಟವರಲ್ಲ. ಮೂಡುಬಿದಿರೆಯ ರತ್ನಾಕರವರ್ಣಿ 16ನೆಯ ಶತಮಾನದಲ್ಲಿ ರಚಿಸಿದ ‘ಭರತೇಶ ವೈಭವ’ದ ಚಕ್ರವರ್ತಿಯು ರಾಣಿಯರೊಡನೆ ನಗುನಗುತ್ತ ಬಾಳಿದವನು, ಆತ್ಮಧ್ಯಾನವನ್ನು ಬಿಟ್ಟವನಲ್ಲ. ಪತ್ನಿಯನ್ನು ಆದರಿಸುವುದರಿಂದ ಧರ್ಮಕ್ಕೆ ಕುಂದು ಬರುವುದೆಂದು ಆ ಕವಿ ಭಾವಿಸಲಿಲ್ಲ.

ಇನ್ನೊಂದು ಆಕ್ಷೇಪ ತುಸು ಗಟ್ಟಿಯಾದುದು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಭೇದಗಳನ್ನು ಹೇಳುವಾಗ, ನಿಷ್ಫಲವಾದ ಅಲೆದಾಟವನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಮುನ್ನೂರು ಕಿಲೋಮೀಟರು ಕಾರು ಓಡಿಸಿ, ಈಜುಕೊಳದ ದಡದಲ್ಲಿ ಕುಳಿತು, ರಾತ್ರಿಭೋಜನ ಮಾಡಿ ಬರುವವರಿಗೆ ಈ ಮಾತು ತಾಗುತ್ತದೆ, ತಾಗಲೇಬೇಕು. ಆದರೆ ಅದೇ ಗ್ರಂಥದಲ್ಲಿ ದೇಶಾವಕಾಶಿಕವೆಂಬ ಶಿಕ್ಷಾವ್ರತವೂ ಉಂಟಷ್ಟೆ. ಇಷ್ಟು ಕಾಲದವರೆಗೆ ಇಂಥ ಊರು, ಇಂಥ ಹೊಳೆ, ಇಂಥ ಕಾಡಿನಿಂದಾಚೆಗೆ ಹೋಗುವುದಿಲ್ಲವೆಂದು ಗಡಿ ಹಾಕಿಕೊಳ್ಳುವುದು ಅದರ ಸ್ವರೂಪ. ಹತ್ತಿರದ ಊರುಗಳಲ್ಲಿ ಎರಡು ದಿನ ಸುತ್ತಾಡುವ ಜನ್ಮದಿನಕ್ಕೆ ಇದಕ್ಕಿಂತ ಒಪ್ಪುವ ಚೌಕಟ್ಟು ಬೇರೆ ಯಾವುದಿದೆ?

ಕಾರ್ಕಳದ ಒಂದು ಕುಟುಂಬವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಉತ್ತರಕ್ಕೆ ವರಂಗ, ದಕ್ಷಿಣಕ್ಕೆ ವೇಣೂರು ಎಂದು ಗಡಿ ಹಾಕಿಕೊಂಡರೆ ಶನಿವಾರ, ಭಾನುವಾರಗಳೆರಡೂ ತುಂಬುತ್ತವೆ. ಶನಿವಾರ ಮೂಡುಬಿದಿರೆ. 1430ರಲ್ಲಿ ಕಟ್ಟಲಾರಂಭಿಸಿದ ಸಾವಿರ ಕಂಬದ ಬಸದಿಯ ದರ್ಶನದ ಬಳಿಕ ಅವಸರಪಡದೆ ಚೌಟರ ಅರಮನೆಯ ಕಡೆಗೂ ಹೋಗಬೇಕು. ಅಲ್ಲಿಯ ಮರದ ಕಂಬದಲ್ಲಿ ಒಂಬತ್ತು ಮಂದಿ ಹೆಂಗಸರು ಸೇರಿ ಆನೆಯಾದ ನವನಾರೀಕುಂಜರದ ಕೆತ್ತನೆ ಇದೆ. ಮನೆಯೆಂಬ ಆನೆ ಯಾರ ಮೈಮೇಲೆ ನಿಂತಿದೆಯೆಂದು ಪತಿಮಹಾಶಯರು ಅದರೆದುರು ಸ್ವಲ್ಪ ಹೊತ್ತು ಯೋಚಿಸಲಿ. ಅಲ್ಲಿಂದ ವೇಣೂರು. ತಿಮ್ಮಣ್ಣ ಅಜಿಲನು 1604ರಲ್ಲಿ ಸ್ಥಾಪಿಸಿದ 35 ಅಡಿಯ ಬಾಹುಬಲಿಯನ್ನು ಎಲ್ಲರೂ ನೋಡುತ್ತಾರೆ. ಬಳಿಯಲ್ಲಿಯೇ ಇರುವ ಎರಡು ಚಿಕ್ಕ ಬಸದಿಗಳು ಅವನ ರಾಣಿಯರು ಕಟ್ಟಿಸಿದವು. ಅವುಗಳ ಮುಂದೆ ನಿಲ್ಲುವವರು ಕಡಿಮೆ. ಭಾನುವಾರ ಹೆಬ್ರಿಯ ಹಾದಿಯಲ್ಲಿರುವ ವರಂಗ: ದೋಣಿಯಲ್ಲಿ ಕುಳಿತು ಕೆರೆಬಸದಿಗೆ ಹೋಗಿಬರುವ ಆ ಸ್ವಲ್ಪ ಹೊತ್ತಿನ ಶಾಂತಿ ಯಾವ ರೆಸಾರ್ಟಿನಲ್ಲಿ ದೊರಕೀತು? ಹಿಂದಿರುಗುವಾಗ ಮನಸ್ಸಿದ್ದರೆ ಮುದ್ದಣನ (1870–1901) ಹುಟ್ಟೂರಾದ ನಂದಳಿಕೆಗೆ ಹೋಗಬಹುದು. ‘ಶ್ರೀರಾಮಾಶ್ವಮೇಧಂ’ ಕಾವ್ಯದ ಕಥೆಗಿಂತಲೂ ಮುದ್ದಣ-ಮನೋರಮೆಯರ ಸಲ್ಲಾಪವೇ ಜನರ ಮನಸ್ಸಿನಲ್ಲುಳಿಯಿತು. ಕಥೆ ಹೇಳುವವನು ಪತಿಯಾದರೂ ಅದನ್ನು ಹೇಗೆ ಹೇಳಬೇಕೆಂದು ಬೇಡುವವಳೂ, ತಡೆದು ಕೇಳುವವಳೂ ಪತ್ನಿಯೇ.

ಕಾರ್ಕಳದಲ್ಲಿಯೇ ನಲವತ್ತು ವರ್ಷ ಸಂಸಾರ ಮಾಡಿಯೂ ವರಂಗದ ದೋಣಿ ಹತ್ತದ ಗೃಹಿಣಿಯರು ಅಪರೂಪವಲ್ಲ. 1432ರಲ್ಲಿ ಪ್ರತಿಷ್ಠೆಗೊಂಡ ಊರ ಗೊಮ್ಮಟನ ಬೆಟ್ಟಕ್ಕೆ ಅವರು ಹತ್ತಿದ್ದು ಬಹುಮಟ್ಟಿಗೆ ನೆಂಟರನ್ನು ಕರೆದುಕೊಂಡು. ಆಗಲೂ ಮನಸ್ಸೆಲ್ಲ ಮನೆಯ ಒಲೆಯ ಮೇಲೆ.

ಈ ಲೇಖನದ ನಿಜವಾದ ತಕರಾರು ಇರುವುದು ಇಲ್ಲಿಯೇ. ಸ್ಥಳೀಯ ಪ್ರವಾಸವನ್ನು ಒಪ್ಪುವ ಮನೆಗಳಲ್ಲಿಯೂ ನಡೆಯುವುದೇನು? ಹೋಟೆಲಿನ ಊಟ ಸಲ್ಲದು, ಗಡ್ಡೆಗೆಣಸು ಸಲ್ಲದು, ಸೋಸದ ನೀರು ಸಲ್ಲದು, ಹೊತ್ತು ಮುಳುಗುವ ಮೊದಲು ಉಣ್ಣಬೇಕು. ಎಲ್ಲವೂ ಸರಿಯೇ. ಆದರೆ ಆ ನಿಯಮಗಳ ಸಲುವಾಗಿ ಬೆಳಗಿನ ನಾಲ್ಕು ಗಂಟೆಗೆದ್ದು ಒಲೆ ಹೊತ್ತಿಸಿ, ಹತ್ತು ಜನರಿಗೆ ಬುತ್ತಿ ಕಟ್ಟಿ, ನೀರು ಸೋಸಿ ತುಂಬಿ, ಮಕ್ಕಳನ್ನು ಹೊರಡಿಸಿ, ಸಂಜೆ ಬಂದು ಪಾತ್ರೆ ತೊಳೆಯುವವಳು ಜನ್ಮದಿನದ ಒಡತಿಯೇ! ವ್ರತಪಾಲನೆಯ ಪುಣ್ಯ ಯಜಮಾನರ ಖಾತೆಗೆ ಜಮೆ, ದುಡಿಮೆ ಆಕೆಯ ಖಾತೆಗೆ ಖರ್ಚು. ಕೂಲಿಯನ್ನು ಕಾಣಿಸದೆ ಲಾಭ ತೋರಿಸುವ ವ್ಯಾಪಾರಿಯ ಲೆಕ್ಕವನ್ನು ಪೇಟೆಯಲ್ಲಿ ಯಾರೂ ಒಪ್ಪುವುದಿಲ್ಲ. ಮನೆಯಲ್ಲಿ ಮಾತ್ರ ಅದು ತಲೆಮಾರುಗಳಿಂದ ಸಾಗಿಬಂದಿದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಬೆನ್ನಿಗೆ ಹೆಚ್ಚು ಭಾರ ಹೇರಬಾರದೆಂದು ಅದನ್ನು ವಿವರಿಸುವವರು ಅಡುಗೆಮನೆಯತ್ತ ತಿರುಗಿ ನೋಡಬಾರದೆಂಬ ನಿಯಮವೇನೂ ಇಲ್ಲ.

ಆದುದರಿಂದ ಆ ಎರಡು ದಿನ ಬುತ್ತಿ ಕಟ್ಟುವ ಕೆಲಸ ಪತಿಯದೂ ಪ್ರಾಯಕ್ಕೆ ಬಂದ ಮಕ್ಕಳದೂ ಆಗತಕ್ಕದ್ದು. ಬರುವುದಿಲ್ಲವೆಂಬುದು ನೆವವಷ್ಟೇ, ಕಲಿಯಲು ವರ್ಷದ ಉಳಿದ ದಿನಗಳಿವೆ. ಎಲ್ಲಿಗೆ ಹೋಗುವುದೆಂದು ನಿಶ್ಚಯಿಸುವವಳೂ ಆಕೆಯೇ. ಬಸದಿಯ ಬದಲು ತವರಿನ ಗೆಳತಿಯ ಮನೆಗೆ ಹೋಗುವೆನೆಂದರೆ ಅಲ್ಲಿಗೆ. ಎಲ್ಲಿಗೂ ಬೇಡ, ಮನೆಯಲ್ಲಿಯೇ ಕುಳಿತು ಸ್ವಾಧ್ಯಾಯ ಮಾಡುವೆನೆಂದರೆ ಹಾಗೆಯೇ.

ಬಸದಿಗಳ ಟ್ರಸ್ಟುಗಳಿಗೂ ಇದರಲ್ಲಿ ಪಾಲಿದೆ. ಹಳ್ಳಿಯ ಬಸದಿಗೆ ಮಧ್ಯಾಹ್ನ ಹೋದ ದಂಪತಿಗಳು ಬೀಗ ನೋಡಿ ಮರಳುವುದು ಹೊಸತಲ್ಲ. ಪೂಜೆ ಮುಗಿಸಿ ಮನೆಗೆ ಹೋದ ಇಂದ್ರರನ್ನು ದೂರುವಂತಿಲ್ಲ. ಅವರಿಗೆ ಕೊಡುವ ಸಂಬಳ ಎಷ್ಟೆಂಬುದನ್ನು ಟ್ರಸ್ಟುಗಳೇ ಬಲ್ಲವು. ಶನಿವಾರ, ಭಾನುವಾರಗಳಲ್ಲಾದರೂ ಬಾಗಿಲು ತೆರೆದಿಡಲು ಒಬ್ಬರನ್ನು ನೇಮಿಸುವುದು, ಮೊದಲೇ ತಿಳಿಸಿದವರಿಗೆ ಸೂರ್ಯಾಸ್ತಕ್ಕೆ ಮುನ್ನ ಶುದ್ಧ ಊಟ ಒದಗಿಸಿ ಅದರ ವೆಚ್ಚ ಪಡೆಯುವುದು, ಇವು ಲಕ್ಷಾಂತರ ರೂಪಾಯಿಯ ಹೊಸ ಮುಖಮಂಟಪಕ್ಕಿಂತ ಅಗ್ಗ. ಜನ್ಮದಿನದ ಪೂಜೆಗೆ ರಸೀದಿ ಬರೆಯುವಾಗ ‘ಇಂಥವರ ಧರ್ಮಪತ್ನಿ’ ಎಂದು ನಿಲ್ಲಿಸದೆ ಆಕೆಯ ಹೆಸರನ್ನೇ ಬರೆಯಲಿ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ಚತುರ್ವಿಧ ಸಂಘದಲ್ಲಿ ಶ್ರಾವಿಕೆಯದು ಪ್ರತ್ಯೇಕ ಸ್ಥಾನ, ಶ್ರಾವಕನ ಹೆಸರಿಗೆ ಸೇರಿಸಿದ ಬಾಲವಲ್ಲ. ಅದರಲ್ಲಿಯೂ ತುಳುನಾಡಿನ ಜೈನರು ಅಳಿಯಸಂತಾನದವರು, ಮನೆತನವನ್ನು ಹೆಣ್ಣಿನ ಕಡೆಯಿಂದಲೇ ಎಣಿಸಿದವರು; ಅಲ್ಲಿಯ ರಸೀದಿ ಪುಸ್ತಕಗಳಲ್ಲಿ ಹೆಣ್ಣಿನ ಹೆಸರಿಗೆ ಸ್ಥಳವಿಲ್ಲವೆಂಬುದಕ್ಕೆ ಟ್ರಸ್ಟಿಗಳು ಯಾವ ಕಾರಣವನ್ನು ಹೇಳುತ್ತಾರೋ ಕೇಳಬೇಕಾಗಿದೆ.