ಕಟ್ಟಿದ ಗುಂಡಿ ಎಷ್ಟು, ಉರಿಯುವ ಒಲೆ ಎಷ್ಟು?

ನೇಪಾಳದ 2021ರ ಜನಗಣತಿಯಲ್ಲಿ, ಅಡುಗೆ ಇಂಧನದ ಪಟ್ಟಿಯ ಕೆಳಭಾಗದಲ್ಲಿ, ಒಂದು ಸಣ್ಣ ಸಂಖ್ಯೆಯಿದೆ: 1.2. ಗೋಬರ್ ಗ್ಯಾಸನ್ನೇ ಮುಖ್ಯವಾಗಿ ನೆಚ್ಚಿ ಅಡುಗೆ ಮಾಡುವ ಮನೆಗಳ ಶೇಕಡಾ ಪ್ರಮಾಣ ಅದು. 2011ರ ಗಣತಿಯಲ್ಲಿ ಇದೇ ಸಾಲಿನಲ್ಲಿ 2.4 ಇತ್ತು. ಮನೆಗಳ ಲೆಕ್ಕಕ್ಕೆ ಇಳಿಸಿದರೆ, ಸುಮಾರು 1 ಲಕ್ಷ 30 ಸಾವಿರ ಇದ್ದದ್ದು 80 ಸಾವಿರಕ್ಕೆ ಬಂದಿದೆ. ಹಾಗೆಂದು ಆ ದೇಶ ಈ ಹತ್ತು ವರ್ಷ ಸುಮ್ಮನೆ ಕೂತಿರಲಿಲ್ಲ. ಕಟ್ಟಿದ ಸ್ಥಾವರಗಳ ಒಟ್ಟು ಸಂಖ್ಯೆ ಎರಡು ಲಕ್ಷದಿಂದ ನಾಲ್ಕು ಲಕ್ಷದ ಆಸುಪಾಸಿಗೆ ಏರಿತು. ಗುಂಡಿಗಳು ಇಮ್ಮಡಿಯಾದವು, ಉರಿಯುವ ಒಲೆಗಳು ಇಳಿದವು.

ಗಣತಿಯವರು ಕೇಳುವುದು ಮನೆಯ ಮುಖ್ಯ ಇಂಧನ ಯಾವುದೆಂದು ಮಾತ್ರ. ಬೆಳಗಿನ ಹಾಲು, ಕಾಫಿಗೆ ಗೋಬರ್ ಗ್ಯಾಸ್, ಊಟದ ಅಡುಗೆಗೆ ಸಿಲಿಂಡರ್ ಎನ್ನುವ ಮನೆ ಈ ಲೆಕ್ಕದಲ್ಲಿ ಬರುವುದಿಲ್ಲ. ಆದ್ದರಿಂದ ಉಳಿದ ಮೂರು ಲಕ್ಷವೂ ಪಾಳು ಬಿದ್ದಿವೆ ಎಂದು ಹೇಳುವಂತಿಲ್ಲ. ಆದರೂ ಮುಖ್ಯ ಒಲೆಯಾಗಿದ್ದದ್ದು ಪಕ್ಕದ ಒಲೆಯಾಗಿ, ಆಮೇಲೆ ಮೂಲೆಗೆ ಸೇರುವ ದಾರಿ ಯಾವುದೆಂದು ಹಳ್ಳಿಯ ಅಡುಗೆಮನೆ ಬಲ್ಲವರಿಗೆಲ್ಲ ಗೊತ್ತು.

ಈ ಎಚ್ಚರಿಕೆಯನ್ನು ನಾವು ಈಗಲೇ ಕೇಳಿಸಿಕೊಳ್ಳಬೇಕು. ಭಾರತದಲ್ಲಿ ಜೈವಿಕ ಅನಿಲದ ಹೊಸ ಅಲೆಯೊಂದು ಎದ್ದಿದೆ. ಗೋಬರ್‌ಧನ್ ಹೆಸರಿನಲ್ಲಿ, ಸಂಕುಚಿತ ಜೈವಿಕ ಅನಿಲದ ಹೆಸರಿನಲ್ಲಿ ಗುರಿ, ಸಹಾಯಧನ, ಉದ್ಘಾಟನೆಗಳು ಸಾಲುಗಟ್ಟಿವೆ. ಆ ಗುರಿಗಳೆಲ್ಲ ಎಷ್ಟು ಕಟ್ಟಬೇಕು ಎಂಬ ಲೆಕ್ಕದವು. ನೇಪಾಳ ಎಡವಿದ್ದು ಇಲ್ಲೇ. ಅದೂ ಸಾಮಾನ್ಯ ದೇಶ ಎಡವಿದ್ದಲ್ಲ. ಈ ಕೆಲಸವನ್ನು ಜಗತ್ತಿನಲ್ಲೇ ಅತ್ಯಂತ ಅಚ್ಚುಕಟ್ಟಾಗಿ ಮಾಡಿದ ದೇಶಗಳಲ್ಲಿ ಒಂದು ಎಡವಿದ್ದು.

ಆ ಅಚ್ಚುಕಟ್ಟಿನ ಕತೆಯನ್ನು ಮೊದಲು ಹೇಳಬೇಕು. ನೇಪಾಳದ ಮೊದಲ ಗೋಬರ್ ಗ್ಯಾಸ್ ಸ್ಥಾವರ 1955ರಲ್ಲಿ ಕಠ್ಮಂಡು ಕಣಿವೆಯ ಗೋದಾವರಿಯ ಸೇಂಟ್ ಝೇವಿಯರ್ಸ್ ಶಾಲೆಯಲ್ಲಿ ಫಾದರ್ ಸೌಬೋಲ್ ಮಾಡಿದ ಪ್ರಯೋಗ. 1977ರಲ್ಲಿ ಗೋಬರ್ ಗ್ಯಾಸ್ ಕಂಪನಿ ಹುಟ್ಟಿತು. ನಮ್ಮ ಖಾದಿ ಆಯೋಗದ ತೇಲುವ ಡ್ರಮ್ಮಿನ ಮಾದರಿಯನ್ನು ಅವರೂ ಮೊದಲು ಕಟ್ಟಿದರು. ಕಬ್ಬಿಣದ ಡ್ರಮ್ಮು ತುಕ್ಕು ಹಿಡಿಯುತ್ತದೆ, ಬೆಟ್ಟದ ಕಾಲುದಾರಿಯಲ್ಲಿ ಅದನ್ನು ಹೊತ್ತೊಯ್ಯುವುದೂ ಕಷ್ಟ. ಹಾಗಾಗಿ ನೆಲದೊಳಗೆ ಹುದುಗಿರುವ, ಕಾಂಕ್ರೀಟ್ ಗುಮ್ಮಟದ ಒಂದು ವಿನ್ಯಾಸವನ್ನು ತಿದ್ದಿ ತೀಡಿ ಸಿದ್ಧಮಾಡಿದರು. ವಿಕ್ರಮ ಸಂವತ್ 2047ರಲ್ಲಿ, ಅಂದರೆ ನಮ್ಮ 1990ರ ಸುಮಾರಿಗೆ ರೂಪುಗೊಂಡ ಆ ವಿನ್ಯಾಸಕ್ಕೆ ಅದೇ ಇಸವಿಯ ಹೆಸರು ನಿಂತಿತು. ಮುಂದೆ ಇಡೀ ದೇಶದಲ್ಲಿ ಕಟ್ಟಿದ್ದು ಬಹುಪಾಲು ಅದನ್ನೇ. ಒಂದೇ ನಕ್ಷೆಯಾದ್ದರಿಂದ ಒಬ್ಬ ಗಾರೆ ಮೇಸ್ತ್ರಿ ಕಲಿತದ್ದು ಎಲ್ಲ ಜಿಲ್ಲೆಗೂ ಸಲ್ಲುತ್ತಿತ್ತು.

1992ರಲ್ಲಿ ನೆದರ್‌ಲೆಂಡ್ಸ್‌ನ ನೆರವಿನಿಂದ ಜೈವಿಕ ಅನಿಲ ಬೆಂಬಲ ಕಾರ್ಯಕ್ರಮ ಶುರುವಾಯಿತು, ಕೆಲವೇ ವರ್ಷಗಳಲ್ಲಿ ಜರ್ಮನಿಯೂ ಕೈಜೋಡಿಸಿತು. ಈ ಕಾರ್ಯಕ್ರಮದ ನಿಯಮಗಳನ್ನು ನಮ್ಮ ಅಧಿಕಾರಿಗಳು ಬಾಯಿಪಾಠ ಮಾಡಬೇಕು. ಕಟ್ಟುವುದು ಖಾಸಗಿ ಕಂಪನಿ, ಆದರೆ ಮಾನ್ಯತೆ ಪಡೆದ ಕಂಪನಿ. ಸಹಾಯಧನ ಸ್ಥಾವರಕ್ಕೆ ಇಷ್ಟೆಂದು ನಿಗದಿ: ಬಯಲಿಗೆ ಕಡಿಮೆ, ಬೆಟ್ಟಕ್ಕೆ ಹೆಚ್ಚು, ರಸ್ತೆಯಿಲ್ಲದ ದೂರದ ಬೆಟ್ಟಕ್ಕೆ ಇನ್ನೂ ಹೆಚ್ಚು. ಕಟ್ಟಿದ ಮೇಲೆ ಕೆಲವು ಮನೆಗಳನ್ನು ಆಯ್ದು, ಹೋಗಿ, ಅಳತೆಪಟ್ಟಿ ಹಿಡಿದು ನೋಡುತ್ತಿದ್ದರು. ದೋಷ ಕಂಡರೆ ಕಂಪನಿಗೆ ದಂಡ. ಕಂಪನಿಗೆ ಸಲ್ಲುವ ಹಣದಲ್ಲಿ ಒಂದು ಪಾಲನ್ನು ಖಾತರಿ ನಿಧಿಯಲ್ಲಿ ಹಿಡಿದಿಟ್ಟು, ಮಾರಾಟದ ನಂತರ ಮೂರು ವರ್ಷ ಸೇವೆ ಕೊಡುವ ಷರತ್ತು ಹಾಕಿದ್ದರು. ಬಹಳಷ್ಟು ಮನೆಗಳು ಶೌಚಾಲಯವನ್ನೂ ಅದೇ ಗುಂಡಿಗೆ ಜೋಡಿಸಿಕೊಂಡವು. ಆ ಅನಿಲದಲ್ಲಿ ದೇವರ ನೈವೇದ್ಯಕ್ಕೆ ಬೇಯಿಸಬಹುದೇ ಎಂಬ ಹಿಂಜರಿಕೆ ಅಲ್ಲೂ ಇತ್ತು, ಮೆಲ್ಲಗೆ ಕರಗಿತು. ಹೊಗೆಯಿಲ್ಲದ ಅಡುಗೆಮನೆ, ಸೌದೆ ಹೊರುವುದು ತಪ್ಪಿದ ಹೆಂಗಸರು, ಕಾಡಿನ ಮೇಲೆ ಇಳಿದ ಒತ್ತಡ, ಗದ್ದೆಗೆ ಗೊಬ್ಬರವಾಗಿ ಬಗ್ಗಡ. ಈ ಲಾಭಗಳೆಲ್ಲ ನಿಜವಾಗಿ ದಕ್ಕಿದವು. 2005ರಲ್ಲಿ ಕಾರ್ಯಕ್ರಮಕ್ಕೆ ಆಶ್ಡೆನ್ ಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

ಹಾಗಾದರೆ ಎಲ್ಲಿ ತಪ್ಪಿತು? ಗುಂಡಿಯಲ್ಲಿ ದೋಷವಿರಲಿಲ್ಲ. ಗುಂಡಿಯ ಸುತ್ತ ಇದ್ದ ಬದುಕು ಬದಲಾಯಿತು, ಕಾರ್ಯಕ್ರಮ ಅದನ್ನು ಗಮನಿಸಲಿಲ್ಲ. ಮನೆಯ ಗಂಡುಮಕ್ಕಳು ಕೊಲ್ಲಿ ದೇಶಗಳಿಗೂ ಮಲೇಷ್ಯಾಕ್ಕೂ ದುಡಿಯಲು ಹೋದರು. ಮೇವು ತರುವ, ಸಗಣಿ ಬಾಚಿ ನೀರಿನಲ್ಲಿ ಕಲಸುವ ಕೈಗಳು ಕಡಿಮೆಯಾದವು. ನಾಲ್ಕು ದನವಿದ್ದ ಕೊಟ್ಟಿಗೆಯಲ್ಲಿ ಒಂದು ಉಳಿಯಿತು. ಒಂದು ಕಿಲೋ ಹಸಿ ಸಗಣಿಯಿಂದ ಹೆಚ್ಚೆಂದರೆ 40 ಲೀಟರ್‌ನಷ್ಟು ಅನಿಲ ಬರುತ್ತದೆ. ಒಂದು ಘನ ಮೀಟರ್ ಬೇಕೆಂದರೆ ದಿನಕ್ಕೆ 25 ಕಿಲೋ ಹಾಕಬೇಕು, ಅಷ್ಟೇ ನೀರನ್ನೂ ಸುರಿಯಬೇಕು. ದೊಡ್ಡ ಗುಂಡಿಗೆ ಒಂದು ಹಸುವಿನ ಸಗಣಿ ಹಾಕಿದರೆ ಒಲೆ ಕಣ್ಣು ಮಿಟುಕಿಸಿ ಆರುತ್ತದೆ. ಬೆಟ್ಟದ ಚಳಿಗಾಲದಲ್ಲಿ ಅದೂ ಇಲ್ಲ, ಏಕೆಂದರೆ ಸಗಣಿಯನ್ನು ಕೊಳೆಸುವ ಜೀವಾಣುಗಳು ತಣ್ಣನೆಯ ಗುಂಡಿಯಲ್ಲಿ ಮಂದವಾಗುತ್ತವೆ. 2015ರ ಏಪ್ರಿಲ್ ಭೂಕಂಪ ಸಾವಿರಾರು ಗುಮ್ಮಟಗಳಿಗೆ ಪೆಟ್ಟು ಕೊಟ್ಟಿತು. ಮೂರು ವರ್ಷದ ಖಾತರಿ ಮುಗಿದ ಮೇಲೆ ಬಿರುಕು ಮುಚ್ಚಲು, ವಾಲ್ವ್ ಬದಲಿಸಲು ಬರುವವರು ಯಾರು? ಅಷ್ಟರಲ್ಲಿ ಸಿಲಿಂಡರ್ ಬಾಗಿಲಿಗೇ ಬಂದಿತ್ತು. 2011ರಲ್ಲಿ ಶೇ 21ರಷ್ಟು ಮನೆಗಳಲ್ಲಿದ್ದ ಎಲ್‌ಪಿಜಿ 2021ಕ್ಕೆ ಶೇ 44ರಷ್ಟು ಮನೆಗಳಿಗೆ ಹಬ್ಬಿತು.

ಆ ಸಿಲಿಂಡರ್ ಎಷ್ಟು ನಂಬಿಕಸ್ಥ ಎಂಬುದನ್ನೂ ನೇಪಾಳ ನೋವಿನಿಂದ ಕಲಿತಿದೆ. ಅದರ ಎಲ್‌ಪಿಜಿ ಬರುವುದು ಭಾರತದ ಮೂಲಕ. 2015ರ ಸೆಪ್ಟೆಂಬರ್‌ನಲ್ಲಿ ಗಡಿಯಲ್ಲಿ ಸರಕು ನಿಂತಾಗ, ಮುಂದಿನ ಫೆಬ್ರುವರಿಯವರೆಗೆ ಊರೂರಲ್ಲಿ ಸಿಲಿಂಡರ್‌ಗಾಗಿ ಸಾಲು ನಿಂತಿತು, ಅರ್ಧ ತುಂಬಿದ ಸಿಲಿಂಡರ್ ಹಂಚುವ ಪಾಡು ಬಂತು, ಕಠ್ಮಂಡುವಿನ ಮನೆಗಳು ಸೌದೆಗೆ ಮರಳಿದವು. ಗೋಬರ್ ಗ್ಯಾಸ್ ಉರಿಯುತ್ತಿದ್ದ ಮನೆಯ ಒಲೆಗೆ ಆ ಐದು ತಿಂಗಳು ಯಾವ ಗಡಿಯ ಹಂಗೂ ಇರಲಿಲ್ಲ.

ಇದನ್ನು ಓದಿ ನಾವು ನಿರುಮ್ಮಳವಾಗಿರುವಂತಿಲ್ಲ. ಭಾರತ ತಾನು ಬಳಸುವ ಎಲ್‌ಪಿಜಿಯಲ್ಲಿ ಸುಮಾರು ಶೇ 60ರಷ್ಟನ್ನು ಹೊರಗಿನಿಂದ ತರಿಸುತ್ತದೆ. ಅದರಲ್ಲಿ ಹೆಚ್ಚಿನದು ಕೊಲ್ಲಿ ದೇಶಗಳದ್ದು, ಹೋರ್ಮುಜ್ ಜಲಸಂಧಿ ದಾಟಿ ಬರಬೇಕಾದದ್ದು. ತುಮಕೂರಿನ ಹಳ್ಳಿಯೊಂದರ ಒಲೆಗೂ ಪರ್ಷಿಯನ್ ಕೊಲ್ಲಿಯ ಆ ಇಕ್ಕಟ್ಟಾದ ಬಾಯಿಗೂ ಇರುವ ನಂಟು ನಾವು ಎಣಿಸಿಕೊಂಡದ್ದಕ್ಕಿಂತ ಗಟ್ಟಿಯಾದದ್ದು. ಮನೆಯ ಕೊಟ್ಟಿಗೆಯಿಂದಲೇ ಬರುವ ಇಂಧನಕ್ಕೆ ಬೆಲೆ ಕಟ್ಟುವಾಗ ಈ ಭದ್ರತೆಯನ್ನೂ ಸೇರಿಸಬೇಕು.

ಕಟ್ಟಿದ ಲೆಕ್ಕದ ರೋಗ ನಮಗೂ ಹೊಸದಲ್ಲ. 1981ರಿಂದ ನಡೆದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 2011ರ ಹೊತ್ತಿಗೆ ದೇಶದಲ್ಲಿ ಸುಮಾರು 45 ಲಕ್ಷ ಮನೆ ಮಟ್ಟದ ಸ್ಥಾವರಗಳು ಕಟ್ಟಿದ ಪಟ್ಟಿಗೆ ಸೇರಿದ್ದವು. ಅದೇ ವರ್ಷದ ಜನಗಣತಿಯಲ್ಲಿ ಗೋಬರ್ ಗ್ಯಾಸಿನಲ್ಲಿ ಮುಖ್ಯವಾಗಿ ಅಡುಗೆ ಮಾಡುತ್ತೇವೆ ಎಂದ ಮನೆಗಳು ಶೇ 0.4, ಅಂದರೆ ಹತ್ತು ಲಕ್ಷ. ಎಲ್‌ಪಿಜಿ ಸಂಪರ್ಕದ ಉಜ್ವಲಾ ಯೋಜನೆಯಲ್ಲೂ ಇದೇ ಆಯಿತು. ಸಂಪರ್ಕಗಳು ಕೋಟಿಗಟ್ಟಲೆ ಬೆಳೆದವು, ಆದರೆ ವರ್ಷ ಪೂರೈಸಿದ ಫಲಾನುಭವಿಗಳು ವರ್ಷಕ್ಕೆ ಸರಾಸರಿ 3.21 ಬಾರಿ ಮಾತ್ರ ಸಿಲಿಂಡರ್ ತುಂಬಿಸಿಕೊಂಡಿದ್ದಾರೆ ಎಂದು ಮಹಾಲೇಖಪಾಲರ 2019ರ ವರದಿ ಹೇಳಿತು. 2018ರಲ್ಲಿ ಘೋಷಿಸಿದ ಸತತ್ ಯೋಜನೆ 2023-24ರೊಳಗೆ 5,000 ಸಂಕುಚಿತ ಜೈವಿಕ ಅನಿಲ ಸ್ಥಾವರಗಳ ಗುರಿ ಇಟ್ಟಿತ್ತು. ಗಡುವು ಬಂದಾಗ ಕೆಲಸ ಶುರುಮಾಡಿದ್ದವು ನೂರರೊಳಗೆ. ಈಗ ನಗರ ಅನಿಲ ಕಂಪನಿಗಳು 2025-26ರಲ್ಲಿ ಶೇ 1ರಿಂದ ಆರಂಭಿಸಿ 2028-29ಕ್ಕೆ ಶೇ 5ರಷ್ಟು ಜೈವಿಕ ಅನಿಲ ಬೆರೆಸಲೇಬೇಕೆಂಬ ಕಟ್ಟಳೆ ಬಂದಿದೆ. ಈ ಒತ್ತಡದಲ್ಲಿ ಅವಸರದ ಕಟ್ಟಡಗಳು ಏಳುತ್ತವೆ. ನಮ್ಮ ಭಯ ಇರುವುದು ಅಲ್ಲಿ.

ಕರ್ನಾಟಕದ ಕೊಟ್ಟಿಗೆ ಯಾವ ಕಡೆಗೆ ಹೊರಟಿದೆ ನೋಡಿ. 2012ರ ಜಾನುವಾರು ಗಣತಿಯಲ್ಲಿ ರಾಜ್ಯದ ದನಗಳು ಸುಮಾರು 95 ಲಕ್ಷ, 2019ರಲ್ಲಿ ಸುಮಾರು 85 ಲಕ್ಷ. ಎಮ್ಮೆಗಳೂ ಇಳಿದಿವೆ. ನೇಪಾಳದಲ್ಲಿ ಕಂಡ ಮೊದಲ ಚಿಹ್ನೆ ಇದೇ. ಉಳಿದ ಚಿಹ್ನೆಗಳೂ ಹಳ್ಳಿ ಸುತ್ತಿದವರ ಕಣ್ಣಿಗೆ ಬಿದ್ದಿರುತ್ತವೆ: ಹಿತ್ತಲ ಗುಮ್ಮಟದ ಮೇಲೆ ಒಣಗಲು ಹರಡಿದ ಸೌದೆ, ಕಲಸುವ ತೊಟ್ಟಿಯಲ್ಲಿ ಬೆಳೆದ ಹುಲ್ಲು, ಚರಂಡಿಗೆ ಬಿಟ್ಟ ಬಗ್ಗಡ. ಅರೆಬರೆ ನಡೆಯುವ ಗುಂಡಿ ಇನ್ನೊಂದು ಅಪಾಯವನ್ನೂ ತರುತ್ತದೆ. ಉರಿಸದೆ ಬಿರುಕಿನಿಂದ ಸೋರುವ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಹತ್ತಾರು ಪಟ್ಟು ಹೆಚ್ಚು ಬಿಸಿ ಹಿಡಿದಿಡುವ ಅನಿಲ. ಭೂಮಿಯನ್ನು ತಂಪಾಗಿಡಲು ಕಟ್ಟಿದ್ದೇ ಬಿಸಿ ಮಾಡತೊಡಗುತ್ತದೆ.

ನೆರೆಯವರಿಂದ ಕಲಿಯುವ ಮಾತಾಡುವಾಗ ನಮ್ಮ ಮನೆಯಲ್ಲೇ ಇರುವ ಪಾಠಗಳನ್ನು ಮರೆಯಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ಅಸ್ತ್ರ ತಂಡ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಮುದಾಯ ಸ್ಥಾವರ ಕಟ್ಟಿತು. ಇಡೀ ಊರಿನ ಅಡುಗೆಗೆ ಸಾಲುವಷ್ಟು ಸಗಣಿ ಅಲ್ಲಿರಲಿಲ್ಲ. ತಂಡ ಹಟ ಹಿಡಿಯದೆ ಊರಿನವರ ಮಾತು ಕೇಳಿತು. 1987ರಿಂದ ಆ ಅನಿಲ ಎಂಜಿನ್ ಓಡಿಸಿ ಕುಡಿಯುವ ನೀರನ್ನೂ ದೀಪವನ್ನೂ ಕೊಟ್ಟಿತು. ಸಗಣಿ ತಂದ ಮನೆಗೆ ಬಗ್ಗಡ ವಾಪಸು ಹೋಗುತ್ತಿತ್ತು, ಗೊಬ್ಬರವಾಗಿ. ಆ ವ್ಯವಸ್ಥೆ ಸುಮಾರು ಒಂದು ದಶಕ ನಡೆದು ನಿಂತಿತು. ಅದರ ಏಳುಬೀಳನ್ನು ರೆಡ್ಡಿಯವರು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಇನ್ನು ಶಿರಸಿಯ ಕತೆ ಬೇರೆ. ಅಲ್ಲಿನ ಅಡಿಕೆ ತೋಟದ ಮನೆಗಳಲ್ಲಿ ಅಧ್ಯಯನ ಮಾಡಿದ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ನೋಡಿದ ಸ್ಥಾವರಗಳು ಹೆಚ್ಚುಕಡಿಮೆ ಎಲ್ಲವೂ ನಡೆಯುತ್ತಿದ್ದವು. ಕಟ್ಟಿಸಿದ ಸ್ಥಳೀಯ ಉದ್ಯಮಿಯೇ ಮರಳಿ ಬಂದು ದುರಸ್ತಿ ಮಾಡುತ್ತಿದ್ದದ್ದು ಅದಕ್ಕೆ ಮುಖ್ಯ ಕಾರಣ. ತೋಟಕ್ಕೆ ಬಗ್ಗಡ ಬೇಕಿತ್ತು ಎಂಬುದು ಇನ್ನೊಂದು. ನೇಪಾಳದ ಮೂರು ವರ್ಷದ ಖಾತರಿ ಮತ್ತು ಶಿರಸಿಯ ಆ ಉದ್ಯಮಿ ಹೇಳುವುದು ಒಂದೇ ಮಾತು.

ದೊಡ್ಡ ಸ್ಥಾವರಗಳ ವಿಷಯದಲ್ಲಿ ಬೇರೊಂದು ಪ್ರಶ್ನೆ ಏಳುತ್ತದೆ. ಸಗಣಿ, ಕಬ್ಬಿನ ಕಾರ್ಖಾನೆಯ ಪ್ರೆಸ್‌ಮಡ್, ಹೊಲದ ಕಸಕಡ್ಡಿ ಯಾವುದೂ ಇಲ್ಲಿ ಬೇಡವಾಗಿ ಬಿದ್ದಿಲ್ಲ. ರಾಗಿ ಬೆಳೆಯುವವರು ತಿಪ್ಪೆ ಗೊಬ್ಬರವನ್ನು ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ತರುತ್ತಾರೆ. ಕಾರ್ಖಾನೆಯ ಬಾಯಿಗೆ ಅದೆಲ್ಲ ಹೋಗಿ, ಹುದುಗಿದ ಗೊಬ್ಬರ ಹೊಲಕ್ಕೆ ಮರಳದಿದ್ದರೆ ಮಣ್ಣಿನ ಸಾರ ಬರಿದಾಗುತ್ತದೆ. ಪುರದಲ್ಲಿ ಮೊದಲ ದಿನದಿಂದ ಇದ್ದ ಬಗ್ಗಡ ವಾಪಸಿನ ಕರಾರನ್ನು ಈ ಸ್ಥಾವರಗಳ ಪರವಾನಗಿಯಲ್ಲೇ ಬರೆಯಬೇಕು.

ನೇಪಾಳ ಸರ್ಕಾರ 2020ರಲ್ಲಿ ಹವಾಮಾನ ಒಪ್ಪಂದದಡಿ ಕೊಟ್ಟ ವಾಗ್ದಾನದಲ್ಲಿ 2025ರೊಳಗೆ ಇನ್ನೂ 2 ಲಕ್ಷ ಮನೆ ಸ್ಥಾವರ ಕಟ್ಟುವುದಾಗಿ ಹೇಳಿತು. ಮರುವರ್ಷ ನಡೆದ ಗಣತಿ 1.2 ಎಂದಿತು. ಅದೇ ವಾಗ್ದಾನದಲ್ಲಿ 2030ರ ಹೊತ್ತಿಗೆ ಕಾಲುಭಾಗ ಮನೆಗಳು ಮುಖ್ಯವಾಗಿ ವಿದ್ಯುತ್ ಒಲೆಯಲ್ಲಿ ಅಡುಗೆ ಮಾಡಬೇಕೆಂಬ ಗುರಿಯೂ ಇದೆ. ಅದು ಬಳಕೆಯ ಗುರಿ, ಆದ್ದರಿಂದ ಮುಂದಿನ ಗಣತಿಯಲ್ಲಿ ಅದನ್ನು ಒರೆಗೆ ಹಚ್ಚಬಹುದು. ಎರಡು ಗುರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಾವು ಯಾವುದನ್ನು ಅನುಸರಿಸಬೇಕು ಎಂಬುದು ಸ್ಪಷ್ಟ.

ರಾಜ್ಯ ಸರ್ಕಾರ ಹೊಸ ಸಂಖ್ಯೆಯೊಂದನ್ನು ಘೋಷಿಸುವ ಮುನ್ನ ಹಳೆಯದನ್ನು ಎಣಿಸಲಿ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಕಟ್ಟಿರುವ ಗುಂಡಿಗಳೆಷ್ಟು, ಅವುಗಳಲ್ಲಿ ಇಂದು ಬೆಳಿಗ್ಗೆ ಒಲೆ ಉರಿದದ್ದು ಎಷ್ಟು ಎಂಬ ಎರಡೇ ಅಂಕಣಗಳ ಪಟ್ಟಿ ಸಾಕು. ಆಶಾ ಕಾರ್ಯಕರ್ತೆಯರಿಗೆ ಹೊಸ ಹೊರೆ ಹೊರಿಸದೆ, ಪಂಚಾಯಿತಿ ಸಿಬ್ಬಂದಿ ಒಂದು ಬೇಸಿಗೆಯಲ್ಲಿ ಮುಗಿಸಬಹುದಾದ ಕೆಲಸ ಇದು. ಕೆಟ್ಟು ನಿಂತ ಗುಂಡಿಯ ದುರಸ್ತಿಗೆ ಹಣ ಮೊದಲು, ಹೊಸದಕ್ಕೆ ಆಮೇಲೆ. ಎರಡು ಹಸುವಿನ ಮನೆಗೆ ಎರಡು ಹಸುವಿನ ಅಳತೆಯ ಗುಂಡಿ. ಗುತ್ತಿಗೆದಾರರ ಹಣದ ಒಂದು ಭಾಗ ಮೂರಲ್ಲ, ಐದು ವರ್ಷ ಸರ್ಕಾರದ ಬಳಿಯೇ ಇರಲಿ, ಒಲೆ ಉರಿಯುತ್ತಿದೆ ಎಂದು ಆ ಮನೆಯ ಹೆಂಗಸು ಸಹಿ ಹಾಕಿದ ವರ್ಷಕ್ಕೆ ಅಷ್ಟಷ್ಟು ಬಿಡುಗಡೆಯಾಗಲಿ.

ನಿಮ್ಮ ಹಿತ್ತಲಲ್ಲೂ ಅಂಥದೊಂದು ಗುಮ್ಮಟ ಮುಚ್ಚಿ ಬಿದ್ದಿದ್ದರೆ, ಬರುವ ಗ್ರಾಮಸಭೆಯಲ್ಲಿ ಎದ್ದು ನಿಂತು ಅದು ಯಾವ ವರ್ಷ ಕಟ್ಟಿದ್ದು, ಯಾವ ವರ್ಷ ನಿಂತದ್ದು, ಏಕೆ ನಿಂತದ್ದು ಎಂದು ಹೇಳಿ, ನಡಾವಳಿಯಲ್ಲಿ ಬರೆಸಿ.